ಜಿಲೇಬಿ ಗಬ್ಬಾದ ದಿನ

ಆದದ್ದಿಷ್ಟೇ: ಭಾನುವಾರ ಬೆಳಿಗ್ಗೆ ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಜಿಲೇಬಿ ಅದನ್ನು ಮೂತಿಯಿಂದ ತಳ್ಳಿ ಬೀದಿಗಿಳಿದಳು. ತಿರುವಿನಲ್ಲಿದ್ದ ಮಂಟೇಸ್ವಾಮಿಯ ಮೀನಂಗಡಿಯ ಹಿಂದಕ್ಕೆ ಹೋಗಿ, ಅಲ್ಲಿ ಬಿದ್ದಿದ್ದ ನಿನ್ನೆಯ ಮೀನಿನ ತಲೆ, ಕರುಳುಗಳ ಮೇಲೆ ಹೊಸ ಹಾಸಿಗೆ ಸಿಕ್ಕ ಮದುಮಗಳಂತೆ ಬೆನ್ನು ಹಾಕಿ ಹೊರಳಾಡಿ, ತೃಪ್ತಿಯಾದ ಮೇಲೆ ಮನೆಗೆ ಹೊರಟಳು.

ಭಾನುಪ್ರಿಯಾ ಮಹಡಿಯ ಮೆಟ್ಟಿಲ ಮೇಲೆ ನಿಂತು ಕಾಫಿ ಕುಡಿಯುತ್ತಿದ್ದಳು. ವಾಸನೆ ಮೊದಲು ಬಂತು, ನಾಯಿ ಆಮೇಲೆ.

“ಅಜ್ಜೀ, ಬಾಗ್ಲಾಕು! ಜಿಲೇಬಿ ಗಬ್ಬಾಗವಳೆ!”

ಅವಳು ಅಷ್ಟು ಜೋರಾಗಿ ಕೂಗಿದ್ದು ಆ ಬೀದಿಗೆ ಬಂದ ಮೇಲೆ ಅದೇ ಮೊದಲು. ಭಾನು ಮಾತಾಡಿದರೆ ಎದುರಿನವರು ಎರಡು ಸಲ “ಆಂ?” ಅನ್ನಬೇಕಿತ್ತು. ಯಾರಿಗಾದರೂ ಕೊಡಬೇಕಾದ ಉತ್ತರ ಅವಳಿಗೆ ಹೊಳೆಯುತ್ತಿದ್ದುದು ಅವರು ಎದ್ದು ಹೋದ ಮೇಲೆ, ಲೋಟ ತೊಳೆಯುವಾಗ. ಅಂಥವಳು ಕೂಗಿದ ಒಂದೇ ಒಂದು ಮಾತು ನೇರವಾಗಿ ಪಕ್ಕದ ಮನೆಯ ಕಾಂಪೌಂಡು ದಾಟಿತು.

ಅಲ್ಲಿ ಪ್ರೇಮಲೀಲಾ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದರು. ಮೂರು ದಿನದಿಂದ ನೆಗಡಿ. ಮೂಗು ಸಿಮೆಂಟು ಹಾಕಿ ಮುಚ್ಚಿದ ಹಾಗೆ ಕಟ್ಟಿಹೋಗಿತ್ತು. ನಂಜನಗೂಡಿನ ಕಡೆ ಹತ್ತಾರು ದನಗಳಿದ್ದ ಹಟ್ಟಿಯಲ್ಲಿ ಬೆಳೆದವರು. ಅವರ ಕಿವಿಗೆ ‘ಗಬ್ಬಾಗವಳೆ’ ಎಂದರೆ ಒಂದೇ ಅರ್ಥ: ಬಸಿರು.

“ಹೌದೇನೇ ಭಾನು? ಗಬ್ಬಾಗವಳಾ?”

“ಹೂಂ ಆಂಟಿ.”

“ಗ್ಯಾರಂಟೀನಾ?”

“ನಿಮ್ಗೆ ಅಲ್ಲೀವರ್ಗೂ ಗೊತ್ತಾಗ್ತಿಲ್ವಾ?”

ಪ್ರೇಮಲೀಲಾ ಕಣ್ಣು ಕಿರಿದು ಮಾಡಿ ಜಿಲೇಬಿಯ ಹೊಟ್ಟೆ ನೋಡಿದರು. “ಹೂಂ, ನೋಡುದ್ರೆ ಗೊತ್ತಾಗ್ತದೆ ಬುಡು. ಎಲ್ಲಿ ಮಾಡ್ಕೊಂಡ್ ಬಂದ್ಲೇ?”

“ಮೀನಂಗಡಿ ಹಿಂದೆ.”

“ಅಯ್ಯೋ ಶಿವ್ನೇ! ಆ ಅಂಗ್ಡಿ ನಾಯಿ ಕರಿಯನ ಜೊತೇನಾ?”

“ಕರಿಯನೂ ಅಲ್ಲೇ ಇದ್ದ. ಅವನ್ಗಂತೂ ದಿನಾ ಇದೇ ಕೆಲ್ಸ.”

“ಥೂ, ನಾಚ್ಕೆಗೆಟ್ಟೋನು!”

“ಹೋಗ್ಲಿ ಬಿಡಿ ಆಂಟಿ. ಬಿಸ್ನೀರು ಹುಯ್ದು ಚೆನ್ನಾಗಿ ಉಜ್ಜುದ್ರೆ ಹೋಗ್ತದೆ.”

ಪ್ರೇಮಲೀಲಾ ಎದೆಯ ಮೇಲೆ ಕೈಯಿಟ್ಟುಕೊಂಡರು. “ಹೋಗ್ತದಾ! ಹಂಗೆಲ್ಲಾ ಅನ್ಬಾರ್ದು ಕಣೇ, ಪಾಪ ಬರ್ತದೆ! ನೋಡೋಕೆ ಎಷ್ಟು ಸಾಧು ಇದ್ದೀಯ ನೀನು!” ಎಂದವರೇ ಒಳಗೆ ಓಡಿದರು.

ನಾಯಿ ತೊಳೆದರೆ ಯಾವ ಪಾಪ ಬರುತ್ತದೆ ಎಂದು ಯೋಚಿಸುತ್ತ ಭಾನು ಜಿಲೇಬಿಯನ್ನು ಬಚ್ಚಲಿಗೆ ಎಳೆದೊಯ್ದಳು. ಅಜ್ಜಿ ತಿಮ್ಮಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು, ಹಬ್ಬಕ್ಕೆಂದು ಎತ್ತಿಟ್ಟಿದ್ದ ಗಂಧದ ಸೋಪನ್ನು ಪೂರ್ತಿ ಕರಗಿಸಿದರು. ಎರಡನೇ ಬಕೆಟ್ಟು ಹುಯ್ಯುವಾಗ ಭಾನುಗೆ ಅರ್ಥವಾಯಿತು. ಚೊಂಬು ಕೈಯಿಂದ ಜಾರಿತು.

“ಅಜ್ಜಿ… ನಾನು ಗಬ್ಬು ಅಂದೆ. ಅವ್ರು ಗಬ್ಬ ಅನ್ಕೊಂಡ್ರು.”

“ಅಯ್ಯೋ, ಮುಗೀತು,” ಎಂದು ತಿಮ್ಮಮ್ಮ ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತರು. “ಕೃಷ್ಣಪ್ಪೋರ ಕಿವಿಗೆ ಬಿದ್ರೆ ಗಂಟುಮೂಟೆ ಕಟ್ಟೋದೇ ಸೈ.”

ಅದು ಉತ್ಪ್ರೇಕ್ಷೆಯಲ್ಲ. ಅಜ್ಜಿ ಮೊಮ್ಮಗಳಿಗೆ ಈ ಮನೆ ಸಿಗುವ ಮೊದಲು ಕುವೆಂಪುನಗರ, ವಿಜಯನಗರಗಳಲ್ಲಿ ಅವರು ಹತ್ತಿ ಇಳಿಯದ ಮೆಟ್ಟಿಲಿರಲಿಲ್ಲ. ಗಂಡಸರು ಯಾರೂ ಇಲ್ವಾ ಎಂದು ಕೆಲವರು ಕೇಳಿದ್ದರು. ಊರಲ್ಲಿ ನಿಮ್ಮದು ಯಾವ ಬೀದಿ ಎಂದು ಬಹಳ ಜನ ನಗುನಗುತ್ತಲೇ ಕೇಳಿ, ಆಮೇಲೆ ಮನೆ ನಿನ್ನೆ ತಾನೇ ಹೋಯ್ತು ಅಂದಿದ್ದರು. ರೇಷ್ಮೆ ಇಲಾಖೆಯಿಂದ ನಿವೃತ್ತರಾಗಿ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ಓನರ್ ಕೃಷ್ಣಪ್ಪ ಮಾತ್ರ ಅದಾವುದನ್ನೂ ಕೇಳದೆ, ಜಿಲೇಬಿಯನ್ನಷ್ಟೇ ತಲೆಯಿಂದ ಬಾಲದವರೆಗೆ ನೋಡಿ, “ಒಂದು ನಾಯಿ, ಓಕೆ. ಮರಿ ಗಿರಿ ಅಂತೇನಾದ್ರೂ ಆದ್ರೆ ಅವತ್ತೇ ಮನೆ ಖಾಲಿ ಮಾಡ್ಬೇಕು,” ಅಂದಿದ್ದರು. ಭಾನು ಖುಷಿಯಿಂದ ತಲೆಯಾಡಿಸಿದ್ದಳು.

ತಕ್ಷಣ ಹೋಗಿ ತಪ್ಪು ತಿದ್ದಬೇಕು ಎಂದುಕೊಂಡು ಭಾನು ಕೈ ಒರೆಸಿಕೊಂಡು ಬಾಗಿಲು ತೆರೆದರೆ, ಪ್ರೇಮಲೀಲಾ ಆಗಲೇ ರಾಗಿ ಗಂಜಿಯ ಪಾತ್ರೆ ಹಿಡಿದು ನಿಂತಿದ್ದರು.

“ಬೆಲ್ಲ ಹಾಕಿಲ್ಲ, ತುಪ್ಪ ಒಂಚೂರು ಹಾಕಿವ್ನಿ. ಬಿಸಿಬಿಸಿ ಕೊಡ್ಬೇಡ.”

“ಆಂಟಿ, ಅದು ಗಬ್ಬ ಅಲ್ಲ…”

“ನಾಚ್ಕೋಬೇಡ ಕಣೇ. ಅವ್ಳೇ ನಾಚ್ಕೊಂಡಿಲ್ಲ!”

ಅವರ ಹಿಂದೆಯೇ ಎದುರು ಮನೆಯಿಂದ ಬೇಯಿಸಿದ ಮೊಟ್ಟೆ ಬಂತು. ಮೂಲೆಮನೆಯಿಂದ ಅನ್ನ, ಕೋಳಿ ಸಾರು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ನಮ್ಮ ಜಿಲೇಬಿಗೆ ಶುಭಾಶಯಗಳು’ ಎಂದು ಗುಲಾಬಿ ಹೂವಿನ ಚಿತ್ರ ಹಾಕಿದ್ದರು. ಒಬ್ಬೊಬ್ಬರಿಗೂ ಭಾನು “ಅದು ಗಬ್ಬು, ಗಬ್ಬು…” ಎಂದು ಗೊಣಗಿದಳು. ಎಲ್ಲರೂ “ಹೂಂ, ಗೊತ್ತಾಯ್ತು, ಗೊತ್ತಾಯ್ತು,” ಎಂದು ಅವಳ ಭುಜ ತಟ್ಟಿ ಹೋದರು. ಜಿಲೇಬಿ ಯಾವುದನ್ನೂ ನಿರಾಕರಿಸಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅವಳ ಹೊಟ್ಟೆ ದಸರೆಯ ನಗಾರಿಯಂತಾಗಿತ್ತು.

ಅಷ್ಟರಲ್ಲಿ ಕೆಳಗಡೆ ಗೇಟು ಧಡಾರೆಂದಿತು. ಮಂಟೇಸ್ವಾಮಿ, ಮೀನು ಕುಯ್ಯುವ ಕತ್ತಿಯನ್ನು ಕೆಳಗಿಡಲೂ ಮರೆತು ಬಂದಿದ್ದ.

“ಯಾರಮ್ಮಾ ನಮ್ ಕರಿಯನ ಮೇಲೆ ಅಪವಾದ ಹೊರ್ಸ್ದೋರು? ಬೀದಿ ನಾಯಿ ಇಡ್ಕೊಂಡೋಗೋ ಗಾಡಿ ಬಂದಾಗ ಅವ್ನಿಗೂ ಆಪರೇಷನ್ ಮಾಡಿ, ಕಿವಿ ತುದಿ ಕತ್ತರ್ಸಿ ಬುಟ್ಟವ್ರೆ. ಬೇಕಾದ್ರೆ ಬಂದು ಕಿವಿ ನೋಡಿ! ಅಂಥೋನಲ್ಲ ಅವ್ನು!”

ಪ್ರೇಮಲೀಲಾ ಕಾಂಪೌಂಡಿನ ಮೇಲಿಂದ ತಲೆಯೆತ್ತಿದರು. “ಹಂಗಾದ್ರೆ ಇನ್ಯಾವನೋ ಮಾಡವ್ನೆ ಬುಡಪ್ಪ.”

“ಏನು ಮಾಡವ್ನೆ?” ಎಂದು ಕೇಳಿದವರು ಕೃಷ್ಣಪ್ಪ. ಪೇಪರು ಮಡಚಿ ಕಂಕುಳಲ್ಲಿಟ್ಟುಕೊಂಡು ಬಾಗಿಲಿಗೆ ಬಂದಿದ್ದರು. ಬೀದಿಯೆಲ್ಲ ಒಟ್ಟಿಗೆ ಉತ್ತರ ಕೊಟ್ಟಿತು.

ಭಾನು ಎರಡೆರಡು ಮೆಟ್ಟಿಲು ಹಾರಿ ಇಳಿದಳು. ಜಿಲೇಬಿಯೂ ಹಿಂದೆಯೇ ಬಂದಳು. “ಸಾರ್, ಅದು ಗಬ್ಬ ಅಲ್ಲ ಸಾರ್. ಗಬ್ಬು. ಮೀನಿನ ವಾಸ್ನೆ. ಬೇಕಾದ್ರೆ ನೀವೇ ಮೂಸಿ ನೋಡಿ!”

ಕೃಷ್ಣಪ್ಪ ಕನ್ನಡಕ ತೆಗೆದು, ಬಗ್ಗಿ, ಜಿಲೇಬಿಯ ಕತ್ತಿನ ಹತ್ತಿರ ಮೂಗು ತಂದು ಉಸಿರೆಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು.

“ಎಲ್ಲಮ್ಮಾ ಗಬ್ಬು? ಗಂಧದ ಗುಡಿ ಹಂಗೆ ಘಮಘಮ ಅಂತಾ ಅವ್ಳೆ!”

ಸಾಕ್ಷಿ ಪೂರ್ತಿ ಬಚ್ಚಲ ಮೋರಿಯಲ್ಲಿ ಹರಿದುಹೋಗಿತ್ತು. ಉಳಿದದ್ದು ಹೊಟ್ಟೆಯೊಂದೇ. ಕೃಷ್ಣಪ್ಪ ಅದನ್ನೂ ನೋಡಿದರು. “ನಾನು ಅನ್ಯಾಯ ಮಾಡೋನಲ್ಲ. ಈಗ್ಲೇ ಡಾಕ್ಟ್ರ ಹತ್ರ ಹೋಗಾಣ. ಅವ್ರು ಮರಿ ಇಲ್ಲ ಅಂದ್ರೆ ಇರಿ. ಇದೆ ಅಂದ್ರೆ ಖಾಲಿ ಮಾಡಿ.”

ಆಟೋದಲ್ಲಿ ಕೃಷ್ಣಪ್ಪ ಒಂದು ತುದಿ, ಭಾನು ಒಂದು ತುದಿ, ನಡುವೆ ಜಿಲೇಬಿ. “ಹೆಣ್ಮಗಳು ಒಬ್ಳೇ ಏನ್ ಮಾತಾಡ್ತಾಳೆ,” ಎಂದು ಪ್ರೇಮಲೀಲಾ ಕೂಡ ಹತ್ತಿ, ಜಿಲೇಬಿಯನ್ನು ಭಾನುವಿನ ತೊಡೆಗೆ ದಾಟಿಸಿದರು. ದಾರಿಯುದ್ದಕ್ಕೂ ಭಾನು ನಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು. ಒಳಗೆ ಏನೋ ಗುಡುಗುಡು ಅಂದಾಗಲೆಲ್ಲ ಅದು ಕೋಳಿ ಸಾರೋ ಕಾಲೋ ಎಂದು ಅವಳಿಗೇ ಅನುಮಾನ ಬರತೊಡಗಿತು.

ವಿಜಯನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸಂಘಮಿತ್ರ ಇಡೀ ರಾತ್ರಿ ನಿದ್ದೆಗೆಟ್ಟವರಂತಿದ್ದರು. ಜಿಲೇಬಿಯನ್ನು ಮೇಜಿನ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, ಮೊಲೆತೊಟ್ಟು ನೋಡಿದರು. ತೊಟ್ಟಿನ ತುದಿಯಲ್ಲಿ ಒಂದು ಹನಿ ಬೆಳ್ಳಗೆ ನಿಂತಿತ್ತು.

“ಹಾಲು!” ಎಂದರು ಪ್ರೇಮಲೀಲಾ, ತಾವೇ ಹೆತ್ತಷ್ಟು ಹೆಮ್ಮೆಯಿಂದ. ಕೃಷ್ಣಪ್ಪ ಭಾನುವಿನ ಕಡೆ ತಿರುಗಿದರು. ಭಾನು ಗೋಡೆಯ ಕಡೆ ತಿರುಗಿದಳು.

“ಬೆದೆಗೆ ಯಾವಾಗ ಬಂದಿದ್ಲು?” ಎಂದು ಡಾಕ್ಟರು ಕೇಳಿದರು.

“ಎರಡು ತಿಂಗಳಾಯ್ತು ಮೇಡಂ. ಆದ್ರೆ ಅಜ್ಜಿ ಅವಾಗ ಹೊಸ್ಲು ದಾಟಕ್ಕೇ ಬಿಟ್ಟಿಲ್ಲ.”

“ಈಗೇನಾದ್ರೂ ವಿಚಿತ್ರವಾಗಿ ಆಡ್ತಾಳಾ? ಚಾಪೆ ಕೆರೆಯೋದು, ಏನನ್ನಾದ್ರೂ ಎತ್ತಿಟ್ಕೊಳೋದು?”

“ಅಜ್ಜಿ ಚಪ್ಲೀನ ಮಂಚದ ಕೆಳಗೆ ತಗೊಂಡೋಗಿ ನೆಕ್ತಾ ಕೂರ್ತಾಳೆ. ತಗೊಳಕ್ಕೆ ಹೋದ್ರೆ ಗುರ್ ಅಂತಾಳೆ.”

ಡಾಕ್ಟರು ಮೊದಲ ಬಾರಿಗೆ ನಕ್ಕರು. ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನಿನ ಕಡ್ಡಿ ಆಡಿಸಿದರು. ಪರದೆಯ ಮೇಲೆ ಮೋಡ ಓಡಾಡಿತು. ಮೂವರೂ ಅದರತ್ತ ಬಗ್ಗಿದರು.

“ಮರಿ ಒಂದೂ ಇಲ್ಲ. ಹೊಟ್ಟೆ ತುಂಬ ಊಟ ಇದೆ. ಇದು ಸುಳ್ಳು ಬಸಿರು. ಬೆದೆ ಮುಗಿದ ಮೇಲೆ ಗಂಡು ಮುಟ್ಟದಿದ್ರೂ ಕೆಲವಕ್ಕೆ ಮೈ ಹಂಗೇ ಬಸಿರಾದ ಹಾಗೆ ನಡ್ಕೊಳುತ್ತೆ. ಹಾಲೂ ಬರುತ್ತೆ, ಚಪ್ಲೀನೇ ಮರಿ ಅನ್ಕೊಳ್ತವೆ. ಹಾಲು ಹಿಂಡೋಕೆ ಹೋಗ್ಬೇಡಿ, ಇನ್ನೂ ಜಾಸ್ತಿ ಆಗುತ್ತೆ. ಕೆಲವು ವಾರದಲ್ಲಿ ತಾನೇ ಹೋಗುತ್ತೆ. ಹಾಲು ಬತ್ತಿದ ಮೇಲೆ ಕರ್ಕೊಂಡ್ ಬನ್ನಿ, ಆಪರೇಷನ್ ಮಾಡ್ಬಿಡೋಣ.”

ಮನೆ ಉಳಿಯಿತು! ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡು, “ನಿನ್ನ ಮಾತು ನಂಬ್ಬೇಕಿತ್ತಮ್ಮ. ನಿಮ್ಮ ಪಾಡಿಗೆ ನೀವು ಆರಾಮಾಗಿರಿ,” ಅಂದರು. ಪ್ರೇಮಲೀಲಾ ಮಾತ್ರ ನಿರಾಸೆಯಿಂದ ಮೂಗೊರೆಸಿಕೊಂಡರು.

ಆಗಲೇ ಮೂಲೆಯಲ್ಲಿದ್ದ ರಟ್ಟಿನ ಡಬ್ಬದಿಂದ ಕುಂಯ್ ಎಂದು ಸದ್ದಾಯಿತು.

ಜಿಲೇಬಿಯ ಕಿವಿ ನೆಟ್ಟಗಾದವು. ಭಾನು ಹಿಡಿಯುವಷ್ಟರಲ್ಲಿ ಅವಳು ಮೇಜಿನಿಂದ ಹಾರಿ ಡಬ್ಬದೊಳಗೆ ಮೂತಿ ತೂರಿಸಿದ್ದಳು. ಒಳಗೆ ನಾಲ್ಕು ಮರಿಗಳು, ಇಲಿಯಷ್ಟೇ ದೊಡ್ಡವು. ತಾಯಿ ಕಾರಿಗೆ ಸಿಕ್ಕಿತ್ತಂತೆ. ಯಾರೋ ತಂದು ಬಾಗಿಲಲ್ಲಿಟ್ಟು ಹೋಗಿದ್ದರಂತೆ.

“ಇವುಗಳ್ದೇ ಜಾಗರಣೆ ನಂಗೆ. ಎರಡೆರಡು ಗಂಟೆಗೆ ಬಾಟ್ಲಿ ಹಾಲು,” ಎಂದು ಡಾಕ್ಟರು ಪಿಸುಗುಟ್ಟಿದರು. “ತಡೀರಿ, ನೋಡೋಣ. ಎಲ್ಲ ನಾಯೀನೂ ಒಪ್ಪಲ್ಲ.”

ಜಿಲೇಬಿ ಒಂದೊಂದನ್ನೇ ಮೂಸಿದಳು, ಮಗುಚಿ ಹಾಕಿ ನೆಕ್ಕಿದಳು, ಆಮೇಲೆ ಡಬ್ಬದೊಳಗೇ ಇಳಿದು ಪಕ್ಕಕ್ಕೆ ಒರಗಿದಳು. ಚಪ್ಪಲಿಗಿಂತ ಇವು ವಾಸಿ ಅನ್ನಿಸಿರಬೇಕು. ಮೂರು ಮರಿ ತೊಟ್ಟು ಹಿಡಿದವು.

“ಏನೇ ಆಗ್ಲಿ, ಮನೆಗೆ ತರೋ ಹಂಗಿಲ್ಲ!” ಎಂದು ಕೃಷ್ಣಪ್ಪ ಬಾಗಿಲಿಂದಲೇ ಗುಡುಗಿದರು.

“ಖಂಡಿತ ಇಲ್ಲ ಸಾರ್,” ಎಂದು ಭಾನು ಜಿಲೇಬಿಯ ಕುತ್ತಿಗೆಪಟ್ಟಿಗೆ ಕೈ ಹಾಕಿದಳು. ಪಟ್ಟಿ ಬಂತು, ನಾಯಿ ಬರಲಿಲ್ಲ.

ಜಾಗ ಸಿಗದ ನಾಲ್ಕನೆಯ ಮರಿಯನ್ನು ಎತ್ತಿ ಡಾಕ್ಟರು ಹತ್ತಿರದಲ್ಲಿದ್ದವರ ಕೈಗೆ ಕೊಟ್ಟರು. “ಒಂದ್ನಿಮಿಷ ಹಿಡ್ಕೊಳಿ, ಬೆಚ್ಚಗಿಟ್ಕೊಳಿ.” ಹತ್ತಿರದಲ್ಲಿದ್ದವರು ಕೃಷ್ಣಪ್ಪ. ಅವರು ಅದನ್ನು ಬಿಸಿ ಇಡ್ಲಿಯಂತೆ ಆ ಕೈಯಿಂದ ಈ ಕೈಗೆ ಹಾಕಿದರು. ಮರಿ ತಡಕಾಡಿ ಅವರ ಕಿರುಬೆರಳು ಹುಡುಕಿ, ಬಾಯಿಗಿಟ್ಟು, ಚೀಪತೊಡಗಿತು.

ಕೃಷ್ಣಪ್ಪನವರ ಮುಖ ಬಿಸಿಲಿಗಿಟ್ಟ ಬೆಣ್ಣೆಯಾಯಿತು.

“ಡಾಕ್ಟ್ರೇ… ಇದಕ್ಕೆ ಕಣ್ಣೇ ಇಲ್ವಲ್ಲ!”

“ಇನ್ನೂ ತೆರೆದಿಲ್ಲ ಸಾರ್. ಈಗ ಹಾಲಿನಷ್ಟೇ ಶಾಖಾನೂ ಮುಖ್ಯ. ಥಂಡಿ ಬಡಿದ್ರೆ ಉಳಿಯಲ್ಲ. ತಾಯಿಗೂ ಗಲಾಟೆ ಇಲ್ಲದ ಜಾಗ ಬೇಕು, ಜನ ಓಡಾಡ್ಬಾರ್ದು.”

“ಗಾಳಿ?”

“ಬೀಸ್ಬಾರ್ದು.”

“ಸದ್ದು?”

“ಆದಷ್ಟು ಕಡಿಮೆ.”

ಕೃಷ್ಣಪ್ಪ ಎಲ್ಲಕ್ಕೂ ಹೂಂಗುಟ್ಟಿ, ಬೆರಳು ಬಿಡಿಸಿಕೊಳ್ಳದೆಯೇ ಆಟೋ ಕರೆದರು. ವಾಪಸು ಬರುವಾಗ ಡಬ್ಬ ಅವರ ತೊಡೆಯ ಮೇಲಿತ್ತು. ಹಂಪು ಬಂದಾಗಲೆಲ್ಲ ಡ್ರೈವರನನ್ನು ಬೈದರು.

ಭಾನುಗೆ ನಂಬಲಾಗಲಿಲ್ಲ. ನಾಲ್ಕು ಮರಿ ಮಹಡಿ ಹತ್ತಿದವು, ಓನರೇ ಹೊತ್ತು ತಂದರು! ತಿಮ್ಮಮ್ಮ ಕಟ್ಟಿದ್ದ ಎರಡು ಗಂಟುಗಳನ್ನು ಬಿಚ್ಚಿ, ಒಂದರ ಹಳೇ ಸೀರೆಯನ್ನು ಮಂಚದ ಪಕ್ಕ ಹಾಸಿಕೊಟ್ಟರು. ಸಂಜೆ ಕೃಷ್ಣಪ್ಪ ಬಿಸಿನೀರಿನ ಚೀಲ ತಂದರು. ಆಮೇಲೆ ಬಲ್ಬು ತಂದರು. ಮೂರನೇ ಸಲ ಬರಿಗೈಯಲ್ಲಿ ಬಂದು, ಕಿಟಕಿಯ ಸಂದಿಗೆ ಅಂಗೈ ಹಿಡಿದು ಗಾಳಿ ಪರೀಕ್ಷೆ ಮಾಡಿದರು. ಅಷ್ಟರಲ್ಲಿ ಅಡುಗೆಮನೆಯ ಕುಕ್ಕರು ಕೂಗಿತು. ತಿಮ್ಮಮ್ಮ ಕೆಮ್ಮಿದರು. ಜಿಲೇಬಿ ಬೆಚ್ಚಿದಳು, ಒಂದು ಮರಿ ಕುಂಯ್ ಅಂದಿತು.

ಕೃಷ್ಣಪ್ಪ ತುಟಿಯ ಮೇಲೆ ಬೆರಳಿಟ್ಟು, ಅಜ್ಜಿ ಮೊಮ್ಮಗಳನ್ನು ಬಾಗಿಲಿಂದಾಚೆ ಕರೆದರು.

“ತಪ್ಪು ತಿಳ್ಕೋಬಾರ್ದು ತಾಯಿ,” ಎಂದು ಪಿಸುಗುಟ್ಟಿದರು. “ಕೆಳಗಿನ ನೆಲ ಥಂಡಿ. ಮರಿಗಳಿಗೆ ಬೆಚ್ಚಗಿರೋ ಜಾಗ ಇದೊಂದೇ. ನೀವೋ, ಕುಕ್ಕರ್ ಕೂಗಿಸ್ತೀರ, ಕೆಮ್ತೀರ, ಬಾಗ್ಲು ತೆಗ್ದು ಹಾಕ್ತೀರ. ಡಾಕ್ಟ್ರು ಹೇಳುದ್ದು ಕೇಳುಸ್ಕೊಂಡ್ರಲ್ಲ. ಬೇಗ ಒಂದು ಮನೆ ನೋಡ್ಕೊಂಡ್ಬುಡಿ.”

ಭಾನುವಿನ ಬಾಯಿಂದ ಒಂದೇ ಪದ ಹೊರಟಿತು. “ಜಿಲೇಬಿ?”

“ಅವ್ಳ್ಯಾಕಮ್ಮ ಹೋಗ್ತಾಳೆ, ಹಾಲು ಕುಡಿಸೋ ತಾಯಿ! ಅವ್ಳು ಇರ್ಲಿ. ನೀವಿಬ್ರು ಹೋದ್ರೆ ಸಾಕು.”

ತಿಮ್ಮಮ್ಮ ಏನೋ ಹೇಳಲು ಬಾಯಿ ತೆರೆದರು. ಕೃಷ್ಣಪ್ಪ ಗಾಬರಿಯಿಂದ ಎರಡೂ ಕೈ ಜೋಡಿಸಿದರು.

“ಮೆಲ್ಲಗೆ ಕಣಮ್ಮ, ಮೆಲ್ಲಗೆ! ಮಕ್ಳು ಈಗ ತಾನೇ ಮಲಗವೆ.”