ಸಾವಿರ ಕಂಬ ಕಾಣುವ ರೂಮು

"ಹೋಟೆಲ್ ಆರಿಸುವ ಕೆಲಸ ನನಗೆ ಬಿಡು!" ಎಂದು ಬಿ.ಸಿ.ರೋಡಿನ ಪೈಂಟ್ ಅಂಗಡಿಯ ಸುಧಾಕರ ಶೆಟ್ಟರು ಎದೆ ತಟ್ಟಿಕೊಂಡದ್ದೇ ಎಲ್ಲ ಅನಾಹುತಕ್ಕೂ ಮೂಲ. ತಟ್ಟಿಕೊಂಡ ರಭಸಕ್ಕೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಎದ್ದು ಹಿತ್ತಿಲಿಗೆ ಹಾರಿತು. ಹೆಂಡತಿ ಜಲಜಾಕ್ಷಿ ಮಾತ್ರ ಅಲುಗಲಿಲ್ಲ.

"ನೀವು ಈ ಜನ್ಮದಲ್ಲಿ ಒಮ್ಮೆಯಾದರೂ ಹೋಟೆಲಿನಲ್ಲಿ ಮಲಗಿದ್ದುಂಟಾ?"

"ಮಲಗದಿದ್ದರೆ ಎಂತಾಯ್ತು ಮಾರಾಯ್ತಿ? ಅರ್ಧ ಬಂಟ್ವಾಳಕ್ಕೆ ಬಣ್ಣ ಆರಿಸಿಕೊಟ್ಟವ ನಾನು! ಒಂದು ರೂಮು ಆರಿಸಲಿಕ್ಕೆ ಆಗುವುದಿಲ್ವಾ?"

ಜಲಜಾಕ್ಷಿಯ ಪ್ರಶ್ನೆಯಲ್ಲಿ ಹುರುಳಿತ್ತು. ಮದುವೆಯಾದಂದಿನಿಂದ ಈ ದಂಪತಿ ಹೋದಲ್ಲೆಲ್ಲ ಇಳಿದದ್ದು ನೆಂಟರ ಮನೆಯಲ್ಲೇ. ಬೆಂಗಳೂರಿಗೆ ಹೋದರೆ ಚಿಕ್ಕಪ್ಪನ ಮನೆ, ಮುಂಬಯಿಗೆ ಹೋದರೆ ಸೋದರಮಾವನ ಮನೆ. ತಿರುಪತಿಯಲ್ಲಾದರೂ ಬಚಾವು ಎಂದುಕೊಂಡರೆ, ಅಲ್ಲೂ ವಿಟ್ಲದ ಕಡೆಯವರೊಬ್ಬರು ಸಿಕ್ಕಿ ಕೈಹಿಡಿದು ಎಳೆದುಕೊಂಡು ಹೋಗಿದ್ದರು. ಸುಧಾಕರ ಶೆಟ್ಟರಿಗೆ ಚಾವಡಿಯಲ್ಲಿ ಕುರ್ಚಿ, ಜಲಜಾಕ್ಷಿಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ. ತಿರುಪತಿಗೆ ಹೋಗಿ ಬಂದವಳ ಕೈಯಲ್ಲಿ ಈರುಳ್ಳಿ ವಾಸನೆ!

ಆದ್ದರಿಂದ ಆಕೆಗೆ ಒಂದೇ ಒಂದು ಆಸೆ. ಒಂದು ರಾತ್ರಿ ಹೋಟೆಲಿನಲ್ಲಿ ಉಳಿಯಬೇಕು. ಯಾರೋ ಮಾಡಿದ ಚಹಾವನ್ನು ಯಾರೋ ತಂದುಕೊಡಬೇಕು, ಕುಡಿದ ಲೋಟವನ್ನು ಅಲ್ಲೇ ಬಿಟ್ಟು ಏಳಬೇಕು. ಅದೂ ಮೂಡುಬಿದಿರೆಯಲ್ಲಿ, ಕಿಟಕಿ ತೆರೆದರೆ ಸಾವಿರ ಕಂಬದ ಬಸದಿ ಕಾಣುವ ರೂಮಿನಲ್ಲಿ. ಶಾಲೆಯ ಪ್ರವಾಸದಲ್ಲಿ ಆ ಬಸದಿಯನ್ನು ಮೇಷ್ಟ್ರು ಓಡಿಸಿಕೊಂಡೇ ತೋರಿಸಿದ್ದರಂತೆ. ಈಗ ಕೂತು ನೋಡಬೇಕು.

"ಒಂದು ಗಂಟೆ ದಾರಿಗೆ ರೂಮಾ? ಹೋಗಿ ನೋಡಿ ಸಂಜೆಗೆ ಬರುವ," ಎಂದು ಶೆಟ್ಟರು ಮೊದಲು ಗೊಣಗಿದ್ದುಂಟು.

"ಬಸದಿ ನೋಡಲಿಕ್ಕೆ ರೂಮು ಅಲ್ಲ, ರೂಮಿಗಾಗಿ ಬಸದಿ. ಆಗುವುದಿಲ್ಲವಾದರೆ ಹೇಳಿ, ನಾನೊಬ್ಬಳೇ ಹೋಗ್ತೇನೆ," ಎಂದಳು ಆಕೆ. ಮಾತಿನ ಧಾಟಿ ನೋಡಿಯೇ ಶೆಟ್ಟರು ಎದೆ ತಟ್ಟಿಕೊಂಡದ್ದು.

ಆದರೆ ಮೂಡುಬಿದಿರೆಯಲ್ಲಿ ಒಂದು ಗಂಡಾಂತರವಿತ್ತು. ಅದರ ಹೆಸರು ಭುಜಂಗ ಭಾವ. ಶೆಟ್ಟರ ಅಕ್ಕ ವಾರಿಜಕ್ಕನ ಗಂಡ. ಮನೆ ಬಸದಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ತನ್ನ ಮನೆ ಇರುವ ಊರಿನಲ್ಲಿ ಹೆಂಡತಿಯ ತಮ್ಮ ಬಾಡಿಗೆ ರೂಮು ಹಿಡಿದ ಎಂದು ಗೊತ್ತಾದರೆ ಮುಗಿಯಿತು! ಹಿಂದೊಮ್ಮೆ ಶೆಟ್ಟರು ಅದೇ ಪೇಟೆಯಲ್ಲಿ ಅಂಗಡಿಯ ಚಹಾ ಕುಡಿದದ್ದಕ್ಕೆ ಭಾವ ಕುಟುಂಬದ ಎಲ್ಲ ಮದುವೆಗಳಲ್ಲೂ, "ಇವರಿಗೆ ನಮ್ಮ ಚಹಾ ಆಗುವುದಿಲ್ಲ," ಎಂದು ಸಾರಿಕೊಂಡು ಬಂದಿದ್ದರು.

"ಗುಟ್ಟಾಗಿ ಮಾಡಿ. ಬಾಯಿ ಬಿಡಬೇಡಿ. ನಿಮ್ಮ ಬಾಯಿಯದ್ದೇ ನನಗೆ ಹೆದರಿಕೆ," ಎಂದಳು ಜಲಜಾಕ್ಷಿ.

"ನನ್ನ ಬಾಯಿಗೆ ಬೀಗ!" ಎಂದರು ಶೆಟ್ಟರು.

ಮರುದಿನವೇ ಮುಖಕ್ಕೆ ಮಾಸ್ಕು, ತಲೆಗೆ ಟೊಪ್ಪಿ ಏರಿಸಿ ಸವಾರಿ ಹೊರಟಿತು. ಕಾಲು ಒಂದು ಕಡೆ ನಿಲ್ಲಲೊಲ್ಲದು. ಬಸ್ಸಿನಲ್ಲಿ ಕೂತಿದ್ದ ಶೆಟ್ಟರು ಎದ್ದರು, ಎದ್ದವರು ಮತ್ತೆ ಕೂತರು. ಪರಿಚಯದ ಮುಖ ಕಂಡಾಗೆಲ್ಲ ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ಮೂಡುಬಿದಿರೆ ಬರುವಷ್ಟರಲ್ಲಿ ಚಪ್ಪಲಿಯ ಉಂಗುಷ್ಟವೇ ಕಿತ್ತುಬಂತು!

ಮೊದಲ ಹೋಟೆಲಿನ ಕಿಟಕಿಗೆ ಕಂಡದ್ದು ಬಸ್ ಸ್ಟ್ಯಾಂಡು. ಎರಡನೆಯದರಲ್ಲಿ, "ಬಸದಿ ಕಾಣ್ತದೆ ಸಾರ್, ಬಾತ್‌ರೂಮಿನ ವೆಂಟಿಲೇಟರಿನಿಂದ," ಎಂದರು. ಶೆಟ್ಟರು ಬಕೆಟ್ ಬೋರಲು ಹಾಕಿ ಹತ್ತಿಯೂ ನೋಡಿದರು. ಕಂಡದ್ದು ತೆಂಗಿನ ಮರ. ಮೂರನೆಯದರಲ್ಲಿ ಬಸದಿ ಸ್ಪಷ್ಟವಾಗಿಯೇ ಕಂಡಿತು, ಗೋಡೆಯ ಕ್ಯಾಲೆಂಡರಿನಲ್ಲಿ! ಬೇರೆಯವರಾದರೆ ಸುಸ್ತಾಗುತ್ತಿದ್ದರು. ಶೆಟ್ಟರಿಗೆ ಹಟ ಹತ್ತಿತು.

ಕಡೆಗೂ ಹೊಸದಾಗಿ ಎದ್ದ ಒಂದು ಹೋಟೆಲಿನ ಮಹಡಿಯಲ್ಲಿ ಕಿಟಕಿ ತೆರೆದರೆ, ಆಹಾ! ಬಸದಿಯ ಇಳಿಜಾರು ಮಾಡುಗಳು, ಎದುರಿಗೆ ಮಾನಸ್ತಂಭ, ಎಲ್ಲ ಕಣ್ಣಳತೆಯಲ್ಲೇ. ಶೆಟ್ಟರು ಹಾಸಿಗೆ ಅದುಮಿದರು, ದಿಂಬು ಮೂಸಿದರು, ಗೋಡೆಗೆ ಉಗುರು ತಾಗಿಸಿ ಪೈಂಟು ಯಾವ ದರ್ಜೆಯದೆಂದೂ ತೀರ್ಪು ಕೊಟ್ಟರು. ಜಲಜಾಕ್ಷಿ ಇಲ್ಲಿ ಕುರ್ಚಿ ಹಾಕಿ ಕೂರುವುದನ್ನು ನೆನೆದು ಅವರಿಗೆ ನಿಜಕ್ಕೂ ಸಂತೋಷವಾಯಿತು. ಪಾಪ, ಹೆಂಡತಿಯ ಮೇಲೆ ಪ್ರೀತಿಯೇನೂ ಕಡಿಮೆಯಿರಲಿಲ್ಲ.

ಕೆಳಗೆ ಕೌಂಟರಿನಲ್ಲಿ ಕೂತಿದ್ದ ಮ್ಯಾನೇಜರ್ ರಂಜಿತ್ ವಿನಯದ ಹುಡುಗ. ಯಾವ ದಿನ, ಎಷ್ಟು ಜನ ಎಂದು ಕೇಳಿ ಶನಿವಾರಕ್ಕೆ ರೂಮು ಗೊತ್ತು ಮಾಡಿದ. ಅಷ್ಟೇ. ನೆಂಟರ ಸುದ್ದಿ ಅವನು ಎತ್ತಲೇ ಇಲ್ಲ. ಶೆಟ್ಟರು ಅಲ್ಲಿಂದ ತೆಪ್ಪಗೆ ಹೊರಟುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಕಡೆಯವರಿಗೆ ಎದುರಿಗೆ ಮನುಷ್ಯ ಕಂಡ ಮೇಲೆ ಅವನ ಮನೆ ಯಾವುದೆಂದು ಕೇಳದೆ ಹೋದರೆ ಉಂಡದ್ದು ಅರಗುತ್ತದೆಯೇ? ಬಾಗಿಲ ತನಕ ಹೋದವರು ತಿರುಗಿ ಬಂದರು.

"ಅಲ್ಲ ತಮ್ಮಾ, ನಿಮ್ಮದು ಯಾವ ಊರು?"

"ಅಳಿಯೂರು."

"ಅಳಿಯೂರಿನಲ್ಲಿ ಯಾರ ಮನೆ?"

ಹುಡುಗ ಹೇಳಿದ. ಶೆಟ್ಟರ ಕಣ್ಣು ಅರಳಿತು. ಮಾಸ್ಕು ಗಲ್ಲಕ್ಕೆ ಇಳಿಯಿತು. "ನಿಲ್ಲು ನಿಲ್ಲು! ನಿನ್ನ ಅಪ್ಪನ ಅಮ್ಮನಿಗೆ ಒಬ್ಬಳು ಅಕ್ಕ ಇದ್ದಳಲ್ಲ? ಆ ಅಕ್ಕನ ಮಗನೇ ನಮ್ಮ ಭುಜಂಗ ಭಾವ! ಹಾಗಾದರೆ ನಾನು ನಿನಗೆ ಮಾವ ಆಗಬೇಕು!"

ಗೆದ್ದ ಪೈಲ್ವಾನನಂತೆ ನಿಂತಿದ್ದರು ಶೆಟ್ಟರು. ಹುಡುಗ ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ. "ಓ, ನಮ್ಮ ವಾರಿಜ ದೊಡ್ಡಮ್ಮನ ತಮ್ಮನಾ ನೀವು?" ಆಗಷ್ಟೇ ಶೆಟ್ಟರು ಮಾಸ್ಕನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದುಕೊಂಡರು.

"ಯಾರಿಗೂ ಹೇಳಬೇಡ ಆಯ್ತಾ?"

"ದೇವರಾಣೆ ಹೇಳುವುದಿಲ್ಲ ಮಾವ."

ಒಳ್ಳೆಯ ಹುಡುಗ, ಆಣೆಗೆ ತಪ್ಪಲಿಲ್ಲ. ಅಮ್ಮನಿಗೆ ಮಾತ್ರ ಹೇಳಿದ. ಅಮ್ಮನಿಗೆ ಹೇಳುವುದು ಹೇಳಿದ ಲೆಕ್ಕವೇ?

ಶನಿವಾರ ಮಧ್ಯಾಹ್ನ ಹೊಸ ಸೀರೆಯುಟ್ಟು, ಸೂಟ್‌ಕೇಸು ಹಿಡಿಸಿಕೊಂಡು, ಜಲಜಾಕ್ಷಿ ಹೋಟೆಲಿನ ಮೆಟ್ಟಿಲು ಹತ್ತಿದಳು. ಮುಖದಲ್ಲಿ ಮದುಮಗಳ ಕಳೆ. ಒಳಗೆ ಸೋಫಾದಲ್ಲಿ ಭುಜಂಗ ಭಾವ ಮತ್ತು ವಾರಿಜಕ್ಕ ಕೂತಿದ್ದರು. ಶೆಟ್ಟರ ಕೈಯಿಂದ ಸೂಟ್‌ಕೇಸು ಧೊಪ್ಪನೆ ನೆಲಕ್ಕೆ ಬಿತ್ತು. ಭಾವ ಗಂಭೀರವಾಗಿ ಎದ್ದುಬಂದು ಅದರ ಮೇಲೆಯೇ ಆಸೀನರಾದರು!

"ನಮ್ಮ ಮನೆಯ ಮಾಡು ಹಾರಿಹೋಗಿದೆಯಾ ಸುಧಾಕರ?"

"ಹಾಗಲ್ಲ ಭಾವ..."

"ನಾವೇನು ಸತ್ತುಹೋಗಿದ್ದೇವಾ?"

"ಬಿಡ್ತು ಅನ್ನಿ ಭಾವ! ನಿಮಗೆ ಸುಮ್ಮನೆ ತೊಂದರೆ ಯಾಕೆ ಅಂತ..."

"ತೊಂದರೆ ಎಂತದು? ಅಂಜಲ್ ಮೀನು ತಂದಿಟ್ಟಾಗಿದೆ. ಜಲಜ ಕಾಯಿ ಅರೆದು ಮಾಡುವ ಮೀನಿನ ಗಸಿ ತಿನ್ನದೆ ವರ್ಷವಾಯಿತು. ಏಳಿ, ಹೋಗುವ."

ಗಸಿ ಎಂಬ ಮಾತು ಬಿದ್ದದ್ದೇ ತಡ, ಜಲಜಾಕ್ಷಿಯ ಮುಖದ ಕಳೆ ಇಳಿಯಿತು. ಆಕೆಯ ಕಣ್ಣೆದುರು ಭಾವನ ಅಡುಗೆಮನೆಯ ತುರಿಮಣೆ ಬಂದು ನಿಂತಿರಬೇಕು. ಆಕೆಯನ್ನು ಹೇಗಾದರೂ ಬಚಾವು ಮಾಡಬೇಕೆಂದು ಶೆಟ್ಟರು ಬಾಯಿಗೆ ಬಂದದ್ದನ್ನು ಒದರಿದರು.

"ಇವಳಿಗೆ ಈಗೀಗ ಮೀನಿನ ವಾಸನೆ ಆಗುವುದಿಲ್ಲ ಭಾವ. ವಾಂತಿ ಬಂದ ಹಾಗೆ ಆಗ್ತದೆ."

ವಾರಿಜಕ್ಕ ಸೋಫಾದಿಂದ ಸೆಟೆದು ಎದ್ದಳು. "ಅಯ್ಯೋ ದೇವರೇ! ಈ ಪ್ರಾಯದಲ್ಲಿ ವಿಶೇಷವಾ?!"

ಕೌಂಟರಿನ ಹಿಂದೆ ರಂಜಿತ್ ಕೆಮ್ಮಿದ. ಭಾವ ಸೂಟ್‌ಕೇಸಿನ ಮೇಲಿಂದ ಜಾರಿದರು. ಜಲಜಾಕ್ಷಿ ಗಂಡನತ್ತ ನೋಡಿದ ನೋಟಕ್ಕೆ ಗೋಡೆಯ ಪೈಂಟು ಕಿತ್ತುಬರಬೇಕಿತ್ತು. ಶೆಟ್ಟರು ಪೂರ್ತಿ ಸೋತರು. "ಆಯ್ತು... ಮನೆಗೇ ಹೋಗುವ," ಎಂದು ಕ್ಷೀಣ ಸ್ವರದಲ್ಲಿ ಹೇಳಿಯೂಬಿಟ್ಟರು.

"ಹೌದು, ಭುಜಂಗಣ್ಣ ಹೇಳುವುದು ಸರಿ," ಎಂದಳು ಜಲಜಾಕ್ಷಿ ತಣ್ಣಗೆ. "ನೆಂಟಸ್ತಿಕೆಗೆ ಮರ್ಯಾದೆ ಕೊಡಲೇಬೇಕು. ಇಬ್ಬರೂ ರೂಮಿನಲ್ಲಿ ಉಳಿದರೆ ನಿಮಗೆ ಅವಮಾನ. ಒಬ್ಬರು ನಿಮ್ಮ ಮನೆಗೆ ಬಂದರೆ ಆಯ್ತಲ್ಲ? ಇವರನ್ನು ಕರಕೊಂಡು ಹೋಗಿ."

"ಮತ್ತೆ ನೀನು?" ಎಂದರು ಶೆಟ್ಟರು.

"ನಾನು ಬಸದಿ ನೋಡ್ತೇನೆ." ಸೂಟ್‌ಕೇಸು ಎತ್ತಿ, ರಂಜಿತ್‌ನ ಕೈಯಿಂದ ಕೀಲಿಕೈ ಇಸಕೊಂಡು, ಆಕೆ ಮೆಟ್ಟಿಲು ಹತ್ತಿಯೇಬಿಟ್ಟಳು.

"ನಾನು ಹೋಗಿ ಬುದ್ಧಿ ಹೇಳಿ ಕರಕೊಂಡು ಬರ್ತೇನೆ," ಎಂದು ವಾರಿಜಕ್ಕ ಸೆರಗು ಸಿಕ್ಕಿಸಿ ಹಿಂಬಾಲಿಸಿದಳು. ಗಂಡಸರು ಕಾದರು, ಕಾದರು, ವಾರಿಜಕ್ಕನ ಸುಳಿವಿಲ್ಲ. ಭಾವ ಗಡಿಯಾರ ನೋಡಿದರು, ಶೆಟ್ಟರು ಅತ್ತಿಂದಿತ್ತ ಶತಪಥ ಹಾಕಿದರು. ಕೊನೆಗೆ ಮೆಟ್ಟಿಲ ತುದಿಯಲ್ಲಿ ಒಂದು ತಲೆ ಇಣುಕಿತು.

"ಇಲ್ನೋಡಿ," ಎಂದಳು ವಾರಿಜಕ್ಕ, "ಇಲ್ಲಿ ಹಾಸಿಗೆ ಎರಡುಂಟು. ಚಹಾ ರೂಮಿಗೇ ಬರ್ತದಂತೆ. ನೀವು ಹೊರಡಿ."

"ಮೀನು?!" ಎಂದು ಭಾವ ಆರ್ತನಾದ ಮಾಡಿದರು.

"ಮೀನು ಸಿಂಕಿನಲ್ಲಿ ಉಂಟು."

ಸಂಜೆ ಭಾವನ ಅಡುಗೆಮನೆಯಲ್ಲಿ ಒಂದು ಮಹಾಯುದ್ಧ ನಡೆಯಿತು. ಒಲೆ ಹೊತ್ತಿಸುವ ಲೈಟರು ಎಲ್ಲಿರುತ್ತದೆಂದು ಮನೆಯ ಯಜಮಾನರಿಗೇ ಗೊತ್ತಿರಲಿಲ್ಲ. ಶೆಟ್ಟರು ತುರಿಮಣೆಯ ಮೇಲೆ ಕೂತು ತೆಂಗಿನಕಾಯಿಯ ಜತೆ ಬೆರಳನ್ನೂ ತುರಿದುಕೊಂಡರು. ಭಾವ ಒಂದೇ ಸಮನೆ, "ನಿನ್ನಿಂದಲೇ ಆದದ್ದು ಇದೆಲ್ಲ," ಎಂದು ಗದರುತ್ತಿದ್ದರು. ಹುಣಸೆ ಮೊದಲೋ ಮೆಣಸು ಮೊದಲೋ ಎಂಬಲ್ಲಿಗೆ ಬಂದು ಅಡುಗೆ ನಿಂತಿತು. ಜಲಜಾಕ್ಷಿಗೆ ಫೋನ್ ಮಾಡಿದರೆ ಸ್ವಿಚ್ ಆಫ್, ವಾರಿಜಕ್ಕನದ್ದೂ ಸ್ವಿಚ್ ಆಫ್. ಗತಿಯಿಲ್ಲದೆ ಶೆಟ್ಟರು ಹೋಟೆಲಿನ ಕೌಂಟರಿಗೇ ಫೋನ್ ಮಾಡಿದರು.

"ರಂಜಿತಾ, ನಿನ್ನ ಅತ್ತೆಯನ್ನು ಒಮ್ಮೆ ಕರಿ ಮಾರಾಯ. ಮೀನು ಹಸಿಯಾಗಿಯೇ ಕೂತಿದೆ."

"ಅತ್ತೆ, ದೊಡ್ಡಮ್ಮ ಇಬ್ಬರೂ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಬಸದಿ ನೋಡ್ತಾ ಇದ್ದಾರೆ ಮಾವ. ಯಾರೂ ಕರೆಯಬಾರದಂತೆ. ರೂಮು ನಾಳೆಗೂ ಬೇಕಂತೆ."

"ನಾಳೆಗೂ!"

"ಹೌದು. ಮತ್ತೆ ಮಾವ..." ಹುಡುಗ ಸ್ವಲ್ಪ ಸಂಕೋಚದಿಂದ ತಡೆದ. "ವಿಷಯ ಕೇಳಿ ನನ್ನ ಅಮ್ಮನೂ ಬಟ್ಟೆ ಕಟ್ಟಿಕೊಂಡು ಇಲ್ಲಿಗೇ ಬಂದಿದ್ದಾರೆ. ಮನೆಯಲ್ಲಿ ಅಡುಗೆ ಇಲ್ಲ, ಹಾಗಾಗಿ ಅಪ್ಪ ನಿಮ್ಮಲ್ಲಿಗೆ ಊಟಕ್ಕೆ ಹೊರಟಿದ್ದಾರೆ. ಗಸಿ ಸ್ವಲ್ಪ ಜಾಸ್ತಿಯೇ ಮಾಡಿ!"