ಮಂಗಳ ಗ್ರಹದವರ ಕೂಸು ಮತ್ತು ನಮ್ಮ ಈರಪ್ಪಣ್ಣನ ಕೂಸು

ಇದನ್ನು ಹೇಳಬೇಕು, ಹೇಳಬೇಕು ಎಂದು ಮುಂದೂಡುತ್ತಲೇ ಬಂದೆ. ಮೊದಲು ಧೈರ್ಯವಿರಲಿಲ್ಲ, ಆಮೇಲೆ ಪುರುಸೊತ್ತು ಇರಲಿಲ್ಲ, ಈಗ ಹಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಆರೇಳು ವರ್ಷವಾಗಿತ್ತು. ಉದಗೀರದಲ್ಲಿ ಮ್ಯಾಟ್ರಿಕ್ ಪರೀಕ್ಷೆ ಬರೆದು ನಾನು ನಮ್ಮೂರು ದಾಳಿಂಬಕ್ಕೆ ಬಂದ ಮರುದಿನವೇ ದೊಡ್ಡಪ್ಪನ ಮಗ ಈರಪ್ಪಣ್ಣನ ಕೂಸಿಗೆ ಜಾವಳ. ಪಡಸಾಲೆಯ ಒಂದು ಮೂಲೆಯಲ್ಲಿ ಸೋದರಮಾವ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ, ಹಡಪದ ಶಿವಪ್ಪ ಕೂದಲು ತೆಗೆಯುತ್ತಿದ್ದ. ಇನ್ನೊಂದು ಮೂಲೆಯಲ್ಲಿ ಊರಿನ ಮೊದಲನೆಯ ಮ್ಯಾಟ್ರಿಕ್ ವಿದ್ಯಾರ್ಥಿಯಾದ ನಾನು ಹಿರಿಯರಿಗೆ ಜ್ಞಾನದಾನ ಮಾಡುತ್ತಿದ್ದೆ!

ವಿಷಯ, ಮಂಗಳ ಗ್ರಹದ ಮಂದಿ. ಅವರನ್ನು ನಾನೇ ಹುಟ್ಟಿಸಿದ್ದೆ, ಊರಿಗೆ ಬರುವ ಬಸ್ಸಿನಲ್ಲಿ, ನಿಲಂಗಾ ದಾಟುವಷ್ಟರಲ್ಲಿ.

"ನಮ್ಮಲ್ಲಿ ಕೂಸಿಗೆ ಅರ್ಧ ಗುಣ ಅಪ್ಪಂದು, ಅರ್ಧ ಅವ್ವಂದು. ಅವರಲ್ಲಿ ಹಂಗಿಲ್ಲ. ಒಂದು ಕೂಸಿಗೆ ಮೂವರು ಬೇಕು. ಮೂರು ಪಾಲು!"

ಮನೆಯ ಜಂಗಮರಾದ ಅಯ್ಯನವರು ವಿಭೂತಿಯ ತಟ್ಟೆ ಕೆಳಗಿಟ್ಟರು. "ಹಂಗಾದ್ರ ಕೂಸಿನ ಬೆಡಗು, ಗೋತ್ರ ಯಾರ್ದು ಹಿಡೀಬೇಕಪಾ? ಲಗ್ನಕ್ಕ ಬೆಡಗು ಕೇಳಿದ್ರ ಏನ್ ಹೇಳ್ತಾರ?"

"ಅದಿರಲ್ರಿ ಅಯ್ಯನೋರೆ," ಎಂದ ನಮ್ಮ ಸೋಮಣ್ಣ ಕಾಕಾ. "ಮೂರು ಕಡಿಂದ ಬೀಗರು! ಮಾನಪಾನ ಯಾರಿಗೆ ಮೊದಲ? ಇಬ್ಬರು ಬೀಗರನ್ನ ಸಂಭಾಳಸೋದ್ರಾಗೇ ನನ್ನ ತಲಿ ಬೋಳಾಗ್ಯಾದ!"

ಪಡಸಾಲೆ ನಕ್ಕಿತು. ನಗು ಕೇಳಿ ನನ್ನ ವಿದ್ವತ್ತು ಉಕ್ಕಿತು.

"ಕೂಸು ಯಾರನ್ನ ಹೋಲತಾದ?" ಎಂದರು ಅಯ್ಯನವರು.

"ಅಲ್ಲಿ ಹೇಳಾಕ ಬರೂದಿಲ್ರಿ. ಮನುಷ್ಯರಲ್ಲಿ ಮಾತ್ರ ಪಕ್ಕಾ ಹೇಳಬಹುದು. ಈಗ ಈರಪ್ಪಣ್ಣನ ಕಣ್ಣು ಬೆಕ್ಕಿನ ಕಣ್ಣು. ಅವನ ಹೇಣ್ತಿ, ನಮ್ಮ ವೈನೀದೂ ಬೆಕ್ಕಿನ ಕಣ್ಣು. ಇವರ ಮಗನ ಕಣ್ಣೂ ಅದೇ ಇರಬೇಕು. ಬ್ಯಾರೆ ಬಣ್ಣ ಬರೋ ಮಾತೇ ಇಲ್ಲ. ಇದು ಸಾಯನ್ಸ್!"

ಕೂಸಿನ ಮುಖ ನಾನು ನೋಡಿರಲಿಲ್ಲ. ಹದಿನೆಂಟರ ಹುಡುಗ ಕೂಸಿನ ಮುಖ ಯಾಕೆ ನೋಡುತ್ತಾನೆ? ಶಿವಪ್ಪ ಆಗಲೇ ಕೆಲಸ ಮುಗಿಸಿ ಅದರ ಬೋಳುತಲೆಯನ್ನು ನಮ್ಮ ಕಡೆ ತಿರುಗಿಸಿದ. ಎರಡು ಕಣ್ಣು. ಎರಡೂ ನೇರಳೆ ಹಣ್ಣಿನಷ್ಟು ಕಪ್ಪು!

ಈರಪ್ಪಣ್ಣನ ತಾಯಿ, ನಮ್ಮ ದೊಡ್ಡವ್ವ, ಅಡುಗೆಮನೆಯ ಬಾಗಿಲಿಗೆ ಬಂದಳು. "ಏನಂದಿ? ಇನ್ನೊಮ್ಮೆ ಅನ್ನು."

ಬಾಯಿ ಮುಚ್ಚಿಕೊಂಡಿದ್ದರೆ ಉಳಿಯುತ್ತಿದ್ದೆ. ವೈನಿಯ ಮಾನ ಉಳಿಸುವ ಘನಕಾರ್ಯಕ್ಕೆ ಇಳಿದೆ.

"ಹಂಗೂ ಆಗ್ತದ ದೊಡ್ಡವ್ವ! ಮಂಗಳದಾಗ ದಿನಾ ಆಗ್ತದ. ಅಲ್ಲಿ ಮೂರನೇದಂವ ಒಬ್ಬ ಇರ್ತಾನಲ್ಲ!"

"ಮೂರನೇದಂವ ಯಾರೋ?"

ವೈನಿಯ ಅಣ್ಣ ಕೂಸನ್ನು ಹೆಗಲಿಗೇರಿಸಿಕೊಂಡು ಎದ್ದ. ಬೇಯಿಸಿದ ಹೋಳಿಗೆ ಹಾಗೇ ಉಳಿಯಿತು. ಬಿಸಿಲು ಇಳಿಯುವ ಮೊದಲೇ ತಂಗಿಯನ್ನು ಬಂಡಿ ಹತ್ತಿಸಿ ತವರೂರು ಮುರುಮಕ್ಕೆ ಕರೆದೊಯ್ದ. ಈರಪ್ಪಣ್ಣ ತಡೆಯಲಿಲ್ಲ. "ಕರಸ್ತೀನಿ" ಎಂದೂ ಅನ್ನಲಿಲ್ಲ.

ತಿಂಗಳು ಕಳೆದರೂ ಕರೆಸಲಿಲ್ಲ. ಊರಿನವರು ಈರಪ್ಪಣ್ಣನನ್ನು ಕಂಡರೆ "ಮಂಗಳದಾಗ ಎಲ್ಲಾ ಆರಾಮಾ?" ಎನ್ನತೊಡಗಿದರು. ನಮ್ಮಪ್ಪ ನನ್ನ ಕೈಗೆ ಬಸ್ಸಿನ ಚಾರ್ಜು ಕೊಟ್ಟು, "ಹೋಗು, ನಿನ್ನ ಮಾಸ್ತರ್ನ ಕೇಳಿ ಬಾ. ಸುಳ್ಳಿದ್ರ ಮನಿಗಿ ಬರಬ್ಯಾಡ. ಖರೇ ಇದ್ರಂತೂ ಬರಲೇಬ್ಯಾಡ" ಎಂದ.

ಉದಗೀರದ ಮಾಸ್ತರರು ಎಲ್ಲ ಕೇಳಿಕೊಂಡು ಮರಾಠಿಯಲ್ಲಿ ಒಂದೇ ಪ್ರಶ್ನೆ ಹಾಕಿದರು: "ಕಣ್ಣಿನ ಪಾಠ ನಾನು ಯಾವಾಗ ಮಾಡಿದೆ?"

ಮಾಡಿರಲೇ ಇಲ್ಲ! ಅವರು ಕಲಿಸಿದ್ದು ಬಟಾಣಿ. ಹಸಿರು ಕಾಳಿನ ಗಿಡಕ್ಕೆ ಹಸಿರು ಕಾಳಿನ ಗಿಡ ಕೂಡಿಸಿದರೆ ಹಸಿರೇ ಬರುತ್ತದೆ ಎಂದಿದ್ದರು. ಬಟಾಣಿಗೆ ಕಣ್ಣು ಹಚ್ಚಿದವನು ನಾನು.

"ಮನುಷ್ಯ ಅಷ್ಟು ಸರಳ ಇಲ್ಲಪ್ಪ. ಇಬ್ಬರು ಬೆಕ್ಕುಗಣ್ಣಿನವರಿಗೆ ಕರಿಗಣ್ಣಿನ ಕೂಸು ಹುಟ್ಟಬಹುದು. ಹೋಗಿ ಎಲ್ಲರೆದುರು ಹೇಳು."

ಎಲ್ಲರೆದುರು ಹೇಳಿದೆ. ಆದರೆ ಹೇಗೆ? "ಮಾಸ್ತರ್ ತಪ್ಪು ಕಲಿಸಿದ್ರು, ಈಗ ಒಪ್ಪಿಕೊಂಡಾರ" ಎಂದೆ! ಪಾಪ, ಆ ಸಜ್ಜನರ ಹೆಸರನ್ನೂ ಕೆಡಿಸಿದೆ. ದೊಡ್ಡವ್ವ ಅದೇ ವಾರ ಬಂಡಿ ಹೂಡಿಸಿ ತಾನೇ ಮುರುಮಕ್ಕೆ ಹೋಗಿ ಸೊಸೆಯನ್ನು ಕರೆತಂದಳು. ಈರಪ್ಪಣ್ಣ ಕೂಸನ್ನು ಎತ್ತಿಕೊಂಡ. ಆದರೆ ಮೊದಲು ಅದರ ಕಣ್ಣು ನೋಡಿ, ಆಮೇಲೆ ಎತ್ತಿಕೊಂಡ. ಅದನ್ನು ನಾನು ಕಂಡೆ. ವೈನಿಯೂ ಕಂಡಳು.

ಆ ದಿನ ಎಲ್ಲರೂ ಉಣ್ಣಲು ಕೂತಿದ್ದಾಗ ನನ್ನ ತಾಟಿಗೆ ರೊಟ್ಟಿ ಹಾಕುತ್ತ ವೈನಿ ಕೇಳಿದಳು: "ತಮ್ಮಾ, ನಿನ್ನ ಮಂಗಳದಾಗ ತಪ್ಪು ಮಾಡಿದವರು ಮಾಫಿ ಕೇಳೋ ಪದ್ಧತಿ ಇಲ್ಲೇನು?"

ಕೇಳಿಬಿಡಬಹುದಿತ್ತು. ಎರಡು ಶಬ್ದ. ಆದರೆ ನಾನು ಮ್ಯಾಟ್ರಿಕ್!

"ಅವರಿಗೆ ಬಾಯೇ ಇಲ್ಲ ವೈನಿ, ಹೆಂಗ ಕೇಳ್ತಾರ?" ಎಂದೆ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಈರಪ್ಪಣ್ಣನೂ ನಕ್ಕ. ನನ್ನ ಜೋಕಿಗೆ ನಾನೇ ಎಲ್ಲರಿಗಿಂತ ಹೆಚ್ಚು ನಕ್ಕೆ. ನಗದೆ ಮುಂದಿನ ತಾಟಿಗೆ ರೊಟ್ಟಿ ಹಾಕಲು ಹೋದವಳು ಒಬ್ಬಳೇ, ನನ್ನ ವೈನಿ, ಶರಣಮ್ಮ.