ಗಿರಣಿ ಬಂದಾದ ದಿನ

ಮಗಳು ರೇಣವ್ವನನ್ನು ನೋಡಲು ಚಡಚಣದಿಂದ ಬೀಗರು ಬರುತ್ತಾರೆಂದು ಇಂಡಿ ಊರಿನ ಸಿದ್ದರಾಯ ಆ ದಿನ ತನ್ನ ಹಿಟ್ಟಿನ ಗಿರಣಿಗೆ ಕೀಲಿ ಹಾಕಿದ. ಬೀಗರು ಮನೆಯಲ್ಲಿರುವಾಗ ಗಿರಣಿ ನಡೆಸುವ ಪದ್ಧತಿ ಅವನ ಮನೆತನದಲ್ಲಿಲ್ಲ. ಬಂದವರಿಗಿಂತ ಜೋಳದ ಹಿಟ್ಟು ಹೆಚ್ಚಾಯಿತೇ ಎಂದು ನಾಲ್ಕು ಮಂದಿ ಆಡಿಕೊಂಡಾರು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವನು ಹೆಂಡತಿಯನ್ನು ಕೇಳಿದ, "ಗಿರಣಿ ಯಾರು ಚಾಲೂ ಮಾಡ್ಯಾರ?"

"ಕೀಲಿಕೈ ನಿಮ್ಮ ಉಡದಾರದಾಗ ಜೋತಾಡಾಕತ್ತೈತಿ," ಎಂದಳು ಕಾಶಿಬಾಯಿ.

ಹೋಗಿ ನೋಡಿದರೆ ಗಿರಣಿಯ ಪಟ್ಟಾ ಅಲುಗಾಡಿರಲಿಲ್ಲ. ಗುಂಯ್ ಎನ್ನುವ ಸದ್ದು ಅವನ ಎಡಗಿವಿಯಲ್ಲೇ ಇತ್ತು. ಹಗಲಲ್ಲಿ ಗಿರಣಿಯ ಗದ್ದಲ ಅದನ್ನು ಮುಚ್ಚುತ್ತಿತ್ತು; ಮಲಗಿದಾಗ ಸಣ್ಣಗೆ ಕೇಳಿಸಿದ್ದನ್ನು ಅವನು ಇಷ್ಟು ವರ್ಷ ಜೀರುಂಡೆ ಎಂದುಕೊಂಡಿದ್ದ.

ಕಾಶಿಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಚಡಚಣದವರಿಗೆ ಗೊತ್ತಾದ್ರ ಮುಗೀತು. ಈ ಮನೆತನಕ್ಕ ಕಿವಿ ಜಡ್ಡು ಐತಿ, ನಾಳೆ ಮೊಮ್ಮಕ್ಕಳಿಗೂ ಬರ್ತೈತಿ ಅಂತಾರ. ಹೋದ ಸಲ ಬಂದವರು ನಮ್ಮ ಎಮ್ಮಿ ಕುಂಟೂದು ನೋಡೇ ಎದ್ದು ಹೋದ್ರು. ಹಗಲು ಮುಳುಗೂದ್ರಾಗ ಏನರ ಮಾಡ್ರಿ!"

ಸಿದ್ದರಾಯ ಡಾಕ್ಟರ ಕಡೆ ಓಡಿದ. ಅವರು ಬ್ಯಾಟರಿಯ ಬೆಳಕು ಬಿಟ್ಟು ಎರಡೂ ಕಿವಿ ನೋಡಿದರು.

"ಒಳಗ ಹೊಲಸು ಏನೂ ಇಲ್ಲ. ಗಿರಣಿ ಸದ್ದಿಗೆ ಹಿಂಗಾಗೇತಿ. ಪೂರಾ ಹೋಗಸೋ ಔಷಧ ಇಲ್ಲ. ಗಿರಣ್ಯಾಗ ಕಿವಿ ಮುಚ್ಚಿಕೋರಿ. ಮನ್ಯಾಗ ಸಣ್ಣಗ ರೇಡಿಯೋ ಹಚ್ಚಿಡ್ರಿ, ಆ ಸದ್ದಿನ ಕಡೆ ಲಕ್ಷ್ಯ ಕೊಡಬ್ಯಾಡ್ರಿ. ನಿಧಾನಕ್ಕ ರೂಢಿ ಆಗತೈತಿ."

ಈ ಮಾತು ಓಣಿಗೆ ಹಿಡಿಸಲಿಲ್ಲ. "ಗುಳಗಿ ಇಲ್ಲ, ಸೂಜಿ ಇಲ್ಲ, ಎಂಥ ಡಾಕ್ಟರವ್ವಾ!" ಎನ್ನುತ್ತ ಪಕ್ಕದ ಮನೆಯ ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕರಿದು ತಂದು, "ಸಿದ್ದರಾಯಾ, ತಲಿ ವಾಲಸು" ಎಂದವಳೇ ಚಮಚೆಗಟ್ಟಲೆ ಹೊಯ್ದಳು. ಸದ್ದು ಎಣ್ಣೆಯಲ್ಲಿ ಮುಳುಗಿ ಇನ್ನಷ್ಟು ದಪ್ಪಗಾಯಿತು.

ಅಷ್ಟರಲ್ಲಿ ಎದುರುಮನೆಯ ಟೇಲರ್ ದಸ್ತಗೀರಸಾಬ ಕೆಂಡ, ಅಜವಾನ ಮತ್ತು ಸೀಮೆಎಣ್ಣೆ ಹೊಯ್ಯುವ ಲಾಳಿಕೆ ಹಿಡಿದು ಬಂದ. "ಎಣ್ಣಿಯಿಂದ ಏನಾಗತೈತಿ ಅಣ್ಣಾ? ಹೊಗಿ ಹಾಕಬೇಕು. ನಮ್ಮ ಅವ್ವಗ ಇದ ಹಾಕಿದ್ದು."

"ಆಕಿಗೆ ಆರಾಮ ಆತಾ?"

"ಈಗ ಆಕಿಗೆ ಏನೂ ಕೇಳಸೂದ ಇಲ್ಲ. ಹಂಗಾಗಿ ಆ ಸದ್ದಿನ ತಕರಾರೂ ಇಲ್ಲ."

ಸಿದ್ದರಾಯ ಏಳುವ ಮೊದಲೇ ಲಾಳಿಕೆ ಕಿವಿಗೆ ಕೂತಿತ್ತು. ಒಂದು ಕೆಂಡ ಸಿಡಿದು ಎಡಮೀಸೆ ಚುರ್ರೆಂದಿತು. ಅರ್ಧ ಮೀಸೆಯ ಗಂಡನನ್ನು ಬೀಗರ ಮುಂದೆ ಕೂಡಿಸುವುದು ಹೇಗೆಂದು ಕಾಶಿಬಾಯಿ ಉಳಿದರ್ಧವನ್ನೂ ಕತ್ತರಿಸಿದಳು. ಬೋಳು ಮುಖದ ಸಿದ್ದರಾಯ ಮದುವೆಗೆ ಬಂದ ದೂರದ ನೆಂಟನ ಹಾಗೆ ಕಾಣುತ್ತಿದ್ದ. ಪಾಪ, ಅವನಿಗೆ ಅಳು ಬರುವುದೊಂದೇ ಬಾಕಿ.

ಸಂಜೆ ಬೀಗರು ಬಂದರು. ಹುಡುಗನ ತಂದೆ ಧೂಳಪ್ಪನದು ಚಡಚಣದಲ್ಲಿ ಕಬ್ಬಿನ ಗಾಣ, ಅದನ್ನು ಓಡಿಸುವ ದೊಡ್ಡ ಇಂಜಿನ್ನು, ಕುಡಗೋಲಿನಂಥ ಮೀಸೆ. ರೇಣವ್ವ ಉಪ್ಪಿಟ್ಟು ತಂದಿಟ್ಟಳು. ಹುಡುಗ ನೋಡಿದ, ನಾಚಿದ. ಎಲ್ಲ ಸುಸೂತ್ರವಾಗಿತ್ತು. ಧೂಳಪ್ಪ ಮಾತ್ರ ಮೂಗು ಅರಳಿಸಿ, "ಬಳ್ಳೊಳ್ಳಿ ವಾಸನಿ ಎಲ್ಲಿಂದ ಬರಾಕತ್ತೈತ್ರಿ?" ಎಂದ.

ಓಣಿಯವರೊಂದಿಗೆ ಬಾಗಿಲಲ್ಲಿ ನಿಂತಿದ್ದ ಕಸ್ತೂರೆವ್ವನಿಗೆ ತಡೆಯಲಾಗಲಿಲ್ಲ. "ನಾನ ಹಾಕೇನ್ರಿ! ಸಿದ್ದರಾಯನ ಕಿವ್ಯಾಗ ಗುಂಯ್ ಅಂತಿತ್ತು."

"ಹೊಗಿ ನಂದು," ಎಂದ ದಸ್ತಗೀರಸಾಬ, ಹೆಸರು ಅವಳೊಬ್ಬಳಿಗೇ ಹೋದೀತೆಂದು.

ಕಾಶಿಬಾಯಿಯ ಮುಖ ಬಿಳಿಚಿತು. ಸಿದ್ದರಾಯನ ಕಿವಿ ಇಂಜಿನ್ನಿನಂತೆ ಕೂಗುತ್ತಿತ್ತು. ಆದರೂ ಅವನು ಎದೆ ಸೆಟೆಸಿ ಹೇಳಿದ, "ಇತ್ತರಿ. ಈಗಿಲ್ಲ. ಇವರು ಔಷಧ ಮಾಡಿದ್ರು, ಪೂರಾ ಆರಾಮ ಆತು."

ಧೂಳಪ್ಪ ತಟ್ಟೆ ಕೆಳಗಿಟ್ಟ. ಜರುಗಿ ಜರುಗಿ ಬಂದು ಸಿದ್ದರಾಯನ ಕೈ ಹಿಡಿದ. ಅವನ ಕಣ್ಣಲ್ಲಿ ನೀರು.

"ಬೀಗರ, ಆ ಗಾಣದ ಇಂಜಿನ್ನು ಸುಗ್ಗಿ ಮುಗಿದ್ರೂ ನನ್ನ ಕಿವ್ಯಾಗ ನಿಂತಿಲ್ರಿ. ಊರಾಗ ಯಾರಿಗೂ ಹೇಳಿಲ್ಲ. ಮಗನ ಸಂಬಂಧ ತಪ್ಪೀತಂತ ಅಂಜಿಕಿ."

ತಾನು ಹೇಳಿದ ಸುಳ್ಳು ಎಲ್ಲಿಗೆ ಬಂತೆಂದು ಸಿದ್ದರಾಯನಿಗೆ ಆಗ ತಿಳಿಯಿತು. "ಹಂಗಲ್ರಿ, ನಮ್ಮ ಡಾಕ್ಟರು ಹೇಳತಾರ, ಸಣ್ಣಗ ರೇಡಿಯೋ ಹಚ್ಚಿ..."

"ಅದನ್ನ ಸೊಲ್ಲಾಪುರದ ಡಾಕ್ಟರೂ ಹೇಳ್ಯಾರ. ಅದು ಗುಣ ಆಗಲಾರದವರಿಗೆ. ನಿಮಗ ಒಂದ ದಿನದಾಗ ಗುಣ ಆಗೇತಿ! ಹುಡುಗಿ ನಮಗ ಪಸಂದ. ನನ್ನ ಕಿವಿ ಆರಾಮ ಆದ ದಿನಾನ ಸಕ್ಕರಿ ಹಂಚಿ ಸಂಬಂಧ ನಿಶ್ಚಯ ಮಾಡೂಣು. ಅಲ್ಲೀತನಾ ನಾ ಇಲ್ಲೇ ಇರ್ತೇನಿ. ಆದ್ರ ಒಂದು ಮಾತು, ಬೀಗರು ಅಂದಮ್ಯಾಲ ಒಂದ ಪಂಕ್ತಿ. ಔಷಧಾನೂ ನಾ ಒಬ್ಬನ ತಗೊಳ್ಳೂದಿಲ್ಲ."

ಕಸ್ತೂರೆವ್ವ ಆಗಲೇ ಎಣ್ಣೆ ಕಾಯಿಸಲು ಎದ್ದಿದ್ದಳು. ದಸ್ತಗೀರಸಾಬ ಕೆಂಡ ಊದತೊಡಗಿದ. ಇಬ್ಬರು ಬೀಗರೂ ಒಂದೇ ಕಂಬಳಿಯ ಮೇಲೆ ತಲೆ ವಾಲಿಸಿ ಕುಳಿತರು.

ಸಿದ್ದರಾಯ ಮೆಲ್ಲಗೆ ಹೆಂಡತಿಯನ್ನು ಕೇಳಿದ, "ನಾಳೆ ಗಿರಣಿ ತಗೀಲೇನು?"

"ಬೀಗರು ಮನ್ಯಾಗ ಇದ್ದಾಗ?" ಎಂದು ಕಾಶಿಬಾಯಿ ಕಣ್ಣು ಬಿಟ್ಟಳು.

ಎಣ್ಣೆ ಸುರಿಯಿತು. ಧೂಳಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕಾದು ನಿಟ್ಟುಸಿರುಬಿಟ್ಟ.

"ನಂದು ಇನ್ನೂ ಕೂಗಾಕತ್ತೈತ್ರಿ ಬೀಗರ. ನಿಮಗೇನರ ಕೇಳತೈತೇನ್ರಿ?"

ಸಿದ್ದರಾಯ ಉಡದಾರದ ಕೀಲಿಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಏನೂ ಇಲ್ರಿ ಬೀಗರ," ಎಂದ. "ಒಟ್ಟ ಸದ್ದಿಲ್ಲ."